ಮಕ್ಕಳ ಕೈಯ ಗುರುತು: ಗೋಡೆಗೆ ಒಂದು ನೆನಪಿನ ಚಿತ್ರ



ನಮ್ಮ ಮನೆಗಳ ಗೋಡೆಗಳ ಮೇಲೆ ಏನೇನು ತೂಗುತ್ತಿರುವದೆಂದು ಒಮ್ಮೆ ಎಣಿಸಿ ನೋಡಿರಿ. ಅಂಗಡಿಯವರು ಕೊಟ್ಟ ಪಂಚಾಂಗ, ಹಿರಿಯರ ಭಾವಚಿತ್ರ, ಮದುವೆಯ ದಿನ ತೆಗೆಯಿಸಿದ ಛಾಯಾಚಿತ್ರ, ಪೇಟೆಯಿಂದ ತಂದ ಒಂದೆರಡು ಬಣ್ಣದ ಪಟ, ಇಷ್ಟು ಸಾಮಾನ್ಯವಾಗಿ ಎಲ್ಲರ ಮನೆಯಲ್ಲಿಯೂ ಇರುವದು. ಆದರೆ ಆ ಮನೆಯಲ್ಲಿ ಬೆಳೆಯುತ್ತಿರುವ ಮಗುವಿನ ಕೈಯಿಂದಲೇ ಆದ ವಸ್ತುವೊಂದು ಗೋಡೆಯ ಮೇಲೆ ಕಾಣುವದು ಅಪರೂಪ. ಮಗುವಿನ ಮುಖವನ್ನು ಛಾಯಾಚಿತ್ರವು ಉಳಿಸುತ್ತದೆ. ಅದರ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಗೆರೆಯೆಳೆದು ಗುರುತಿಸುವವರೂ ಉಂಟು. ಅದರ ಕೈ ಮಾತ್ರ ಯಾವ ಗುರುತನ್ನೂ ಬಿಡದೆ ನಮ್ಮ ಕಣ್ಣೆದುರಿಗೇ ದೊಡ್ಡದಾಗಿಬಿಡುತ್ತದೆ.

ಈ ಕೊರತೆಯನ್ನು ನೀಗಿಸುವ ಒಂದು ಸುಲಭವಾದ ಕೆಲಸವನ್ನು ಇಲ್ಲಿ ವಿವರಿಸುವೆನು. ಮಗುವಿನ ಅಂಗೈಯ ಅಚ್ಚನ್ನೂ, ಅದೇ ದಿನ ಅದು ತಾನಾಗಿ ಆರಿಸಿ ತಂದ ಎಲೆಗಳ ಅಚ್ಚುಗಳನ್ನೂ ಒಂದೇ ಹಾಳೆಯ ಮೇಲೆ ತೆಗೆದು, ಕಟ್ಟು ಹಾಕಿಸಿ ಗೋಡೆಗೆ ತೂಗಹಾಕುವದೇ ಆ ಕೆಲಸ. ಇದಕ್ಕೆ ಹೆಚ್ಚು ಹಣ ಬೇಡ, ಚಿತ್ರ ಬರೆಯುವ ವಿದ್ಯೆಯೂ ಬೇಡ. ಎರಡು ನಿಯಮಗಳು ಮಾತ್ರ ಬೇಕು. ಚಿತ್ರವು ಬಹುಕಾಲ ಬಾಳುವಂತೆ ಮಾಡಬೇಕೆಂಬದು ಒಂದು. ಇದು ಹಿರಿಯರ ಹೊಣೆ. ಮಗು ಮಾಡಿದ್ದನ್ನು ಯಾರೂ ತಿದ್ದಬಾರದೆಂಬದು ಇನ್ನೊಂದು. ಇದೂ ಹಿರಿಯರ ಹೊಣೆಯೇ, ಮತ್ತು ಮೊದಲನೆಯದಕ್ಕಿಂತ ಕಷ್ಟತರವಾದದ್ದು.

ಎಲೆಯಚ್ಚಿನ ಪೂರ್ವಕಥೆ

ಎಲೆಗೆ ಬಣ್ಣ ಹಚ್ಚಿ ಅಚ್ಚು ತೆಗೆಯುವದು ಹೊಸ ವಿದ್ಯೆಯಲ್ಲ. ಇಟಲಿಯ ಪ್ರಸಿದ್ಧ ಚಿತ್ರಕಾರನಾದ ಲಿಯೊನಾರ್ಡೊ ದ ವಿಂಚಿಯ ಟಿಪ್ಪಣಿಗಳಲ್ಲಿ ಇಂಥ ಒಂದು ಎಲೆಯಚ್ಚು ಇಂದಿಗೂ ಉಳಿದಿದೆ. ಅಮೇರಿಕದ ಫಿಲಡೆಲ್ಫಿಯದಲ್ಲಿ ಮುದ್ರಣಾಲಯವನ್ನು ನಡೆಸುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನನು ೧೭೩೦ರ ದಶಕದಲ್ಲಿ ತಾನು ಮುದ್ರಿಸಿದ ನೋಟುಗಳ ಮೇಲೆ ನಿಜವಾದ ಎಲೆಗಳಿಂದ ಪಡೆದ ಅಚ್ಚುಗಳನ್ನು ಹಾಕತೊಡಗಿದನು. ಎಲೆಯ ನರಗಳ ಸೂಕ್ಷ್ಮತೆಯನ್ನು ಕೈಯಿಂದ ಕೊರೆದು ಅನುಕರಿಸುವದು ಕಳ್ಳನೋಟು ಮಾಡುವವನಿಗೆ ಬಹು ಕಷ್ಟವೆಂಬದೇ ಅದರ ಕಾರಣ. ಒಂದೇ ಮರದ ಎರಡು ಎಲೆಗಳಾದರೂ ಪೂರ್ತಿಯಾಗಿ ಒಂದೇ ತರವಾಗಿರವು. ಒಂದೇ ತಾಯಿಯ ಇಬ್ಬರು ಮಕ್ಕಳ ಅಂಗೈಗಳೂ ಹಾಗೆಯೇ.

ನಮ್ಮ ನಾಡಿಗೂ ಈ ವಿದ್ಯೆಗೂ ಹಳೆಯ ನಂಟುಂಟು. ೧೮೪೧ರಲ್ಲಿ ಸ್ಥಾಪಿತವಾದ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ೧೮೬೨ರಲ್ಲಿ ಹುನ್ಸಿಕರ್ ಎಂಬವರ ಒಂದು ಗ್ರಂಥವು ಹೊರಟಿತು. ದಕ್ಷಿಣ ಹಿಂದೂಸ್ಥಾನದ ಉಪಯುಕ್ತವಾದ ಮತ್ತು ಅಲಂಕಾರದ ಗಿಡಗಳನ್ನು, ಚಿತ್ರ ಬರೆಯದೆ, ಹಸಿ ಗಿಡಗಳಿಂದಲೇ ಬಣ್ಣದಲ್ಲಿ ಅಚ್ಚು ತೆಗೆದು ಅದರಲ್ಲಿ ಕೊಟ್ಟಿದ್ದರು. ಪ್ರಕೃತಿಯು ತನ್ನನ್ನು ತಾನೇ ಮುದ್ರಿಸಿಕೊಂಡದ್ದು ಎಂಬ ಅರ್ಥದ ಹೆಸರನ್ನೂ ಆ ಗ್ರಂಥಕ್ಕೆ ಇಟ್ಟರು. ಗಿಡವು ತನ್ನ ರೂಪವನ್ನು ತಾನೇ ಹೇಳಲಿ, ನಡುವೆ ಚಿತ್ರಕಾರನ ಕೈ ಬಾರದಿರಲಿ ಎಂಬ ಈ ಭಾವನೆಯನ್ನು ನೆನಪಿನಲ್ಲಿಡಿರಿ. ಮಕ್ಕಳ ವಿಷಯದಲ್ಲಿಯೂ ಇದು ಮುಂದೆ ಉಪಯೋಗಕ್ಕೆ ಬರುವದು.

ಮಲೆನಾಡಿನ ಹಾಗೂ ಘಟ್ಟದ ಕೆಳಗಿನ ಮಕ್ಕಳಿಗಂತೂ ಇದನ್ನು ಕಲಿಸಬೇಕಾಗಿಯೇ ಇಲ್ಲ. ತೋಡಿನ ಬದಿಯಲ್ಲಿ ಬೆಳೆಯುವ, ಎಲೆಯ ಕೆಳಬದಿಯಲ್ಲಿ ಬಿಳಿಯ ಹುಡಿಯಿರುವ ಒಂದು ಜಾತಿಯ ಜರಿಗಿಡವನ್ನು ಕಿತ್ತು, ಮೊಣಕೈಯ ಮೇಲಿಟ್ಟು ಪಟ್ಟನೆ ಹೊಡೆದು, ಚರ್ಮದ ಮೇಲೆ ಬಿಳಿಯ ಎಲೆ ಮೂಡುವದನ್ನು ಅವರು ಶಾಲೆಯ ದಾರಿಯಲ್ಲಿ ದಿನವೂ ನೋಡುವರು. ನಿಮ್ಮ ಮಗುವಿಗೆ ಅಚ್ಚು ಎಂದರೆ ಏನೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಬಣ್ಣ

ಬಾಳಿಕೆಯು ಮುಖ್ಯವಾಗಿ ಬಣ್ಣವನ್ನೂ ಕಾಗದವನ್ನೂ ಅವಲಂಬಿಸಿರುವದು. ಮನೆಯಲ್ಲಿ ಸುಲಭವಾಗಿ ಸಿಕ್ಕುವ ಅರಿಸಿನ, ದಾಸವಾಳದ ರಸ, ಬೀಟ್‌ರೂಟಿನ ರಸ ಇವೆಲ್ಲ ಮೊದಲ ದಿನ ಕಣ್ಣಿಗೆ ಹಬ್ಬವಾಗಿ ಕಂಡರೂ ಬೆಳಕಿಗೆ ಮಾಸುವವು. ಅರಿಸಿನದ ಹಳದಿಯು ಬಿಸಿಲಿನಲ್ಲಿ ಬೇಗನೆ ಬಿಳಿಚಿಕೊಳ್ಳುವದನ್ನು ಬಟ್ಟೆ ಒಗೆಯುವ ತಾಯಂದಿರೆಲ್ಲರೂ ಬಲ್ಲರು. ನೆನಪಿಗಾಗಿ ಮಾಡುವ ಚಿತ್ರಕ್ಕೆ ಇವು ತಕ್ಕವಲ್ಲ.

ಮಾಸದ ಬಣ್ಣಗಳು ಎರಡು: ಕೆಮ್ಮಣ್ಣು ಮತ್ತು ದೀಪದ ಮಸಿ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಅಂಶದಿಂದ ಬಂದದ್ದು; ಬಿಸಿಲಿಗೆ ಅದು ಜಗ್ಗುವದಿಲ್ಲ. ಕೊಂಕಣದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ಹಳೆಯ ದೇವಾಲಯಗಳ ಸುಣ್ಣದ ಗೋಡೆಗಳ ಮೇಲಿರುವ ಕಾವಿಯ ಚಿತ್ರಗಳು ಇದಕ್ಕೆ ಸಾಕ್ಷಿ. ಸಾಗರದ ಕಡೆಯ ದೀವರ ಹೆಂಗಸರು ತಮ್ಮ ಮನೆಯ ಗೋಡೆಗಳ ಮೇಲೆ ಹಸೆ ಚಿತ್ತಾರವನ್ನು ಬರೆಯುವಾಗಲೂ ಕೆಮ್ಮಣ್ಣನ್ನೇ ನೆಲಬಣ್ಣವಾಗಿ ಬಳಿದು, ಅದರ ಮೇಲೆ ಅಕ್ಕಿಯ ಹಿಟ್ಟಿನ ಬಿಳಿ ಗೆರೆಗಳನ್ನು ಎಳೆಯುವರು. ಮಸಿಯಾದರೋ ಶುದ್ಧ ಇದ್ದಲು. ಅದಕ್ಕೆ ಕಾಲದ ಭಯವೇ ಇಲ್ಲ.

ಕೆಮ್ಮಣ್ಣನ್ನು ಶುದ್ಧಮಾಡುವ ಕೆಲಸವನ್ನು ಮಕ್ಕಳಿಗೇ ಕೊಡಿರಿ. ಹಿಡಿ ಮಣ್ಣನ್ನು ಒಂದು ಪಾತ್ರೆಯ ನೀರಿನಲ್ಲಿ ಕಲಕಿ, ಒಂದು ನಿಮಿಷ ಬಿಟ್ಟರೆ ಮರಳು ಕೆಳಗಿಳಿಯುವದು. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆ ತಿಳಿನೀರನ್ನು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ನುಣ್ಣನೆಯ ಕೆಸರು ಉಳಿಯುವದು. ಅದನ್ನು ಒಣಗಿಸಿ ಅರೆದರೆ ಬಣ್ಣದ ಹುಡಿ ಸಿದ್ಧ. ಮಸಿಗಾಗಿ ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆಯ ತಟ್ಟೆಯನ್ನು ಹಿಡಿದು ಕಾಡಿಗೆ ಕಟ್ಟಿಸಬೇಕು. ಇದು ಮಾತ್ರ ಹಿರಿಯರ ಕೆಲಸ.

ಹುಡಿಯನ್ನು ಕಾಗದಕ್ಕೆ ಹಿಡಿಸಲು ಅಂಟು ಬೇಕು. ಜಾಲಿಯ ಗೋಂದನ್ನು ಒಂದಕ್ಕೆರಡರಷ್ಟು ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಆ ನೀರಿನಲ್ಲಿ ಹುಡಿಯನ್ನು ಕಲಸಿ, ದೋಸೆಯ ಹಿಟ್ಟಿನ ಹದಕ್ಕೆ ತರಬೇಕು. ಬೇಗನೆ ಒಣಗದಂತೆ ಎರಡು ಮೂರು ಹನಿ ಜೇನನ್ನೂ, ಬೂಸಲು ಹಿಡಿಯದಂತೆ ಒಂದು ಹನಿ ಲವಂಗದೆಣ್ಣೆಯನ್ನೂ ಸೇರಿಸಬಹುದು. ಜೇನು ಹೆಚ್ಚಾದರೆ ಇರುವೆಗಳು ಬರುವವೆಂಬದನ್ನು ಮರೆಯಬಾರದು.

ಇಲ್ಲಿ ಒಂದೆರಡು ಎಚ್ಚರಿಕೆಯ ಮಾತುಗಳು ಅವಶ್ಯ. ಸಿಂಧೂರದಲ್ಲಿ ಸೀಸದ ಅಂಶ ಇರಬಹುದಾದುದರಿಂದ ಅದನ್ನು ಮಕ್ಕಳ ಅಂಗೈಗೆ ಎಂದಿಗೂ ಹಚ್ಚಬಾರದು. ಹುಳ ಹಿಡಿಯದಂತೆ ಅಂಟಿಗೆ ಮೈಲುತುತ್ತವನ್ನು ಬೆರಸುವ ಹಳೆಯ ರೂಢಿಯುಂಟು. ಅದು ವಿಷ, ಮಕ್ಕಳಿರುವ ಕೆಲಸದಲ್ಲಿ ಬೇಡವೇ ಬೇಡ.

ಕಾಗದ ಮತ್ತು ಎಲೆ

ವರ್ತಮಾನಪತ್ರಿಕೆಯ ಕಾಗದವು ಕೆಲವು ತಿಂಗಳಲ್ಲಿಯೇ ಹಳದಿಯಾಗಿ, ಕೆಲವು ವರುಷಗಳಲ್ಲಿ ಮುಟ್ಟಿದರೆ ಮುರಿಯುವಂತೆ ಆಗುವದನ್ನು ನೀವು ನೋಡಿರಬಹುದು. ಅಗ್ಗದ ಕಾಗದವನ್ನು ಮರದ ತಿರುಳಿನಿಂದ ಮಾಡುವರು. ಆ ತಿರುಳಿನಲ್ಲಿ ಉಳಿದ ಮರದ ಅಂಶವು ಬೆಳಕಿಗೂ ಗಾಳಿಗೂ ಬಣ್ಣ ತಿರುಗುತ್ತದೆ. ಹತ್ತಿಯ ಚಿಂದಿಯಿಂದ ಮಾಡಿದ ಕಾಗದದಲ್ಲಿ ಈ ದೋಷವಿಲ್ಲ. ಖಾದಿ ಗ್ರಾಮೋದ್ಯೋಗದ ಅಂಗಡಿಗಳಲ್ಲಿ ಕೈಯಿಂದ ಮಾಡಿದ ಇಂಥ ಕಾಗದವನ್ನು ಕೇಳಿ ಪಡೆಯಿರಿ. ೧೨ ಅಂಗುಲ ಅಗಲ, ೧೬ ಅಂಗುಲ ಉದ್ದದ ಒಂದು ಹಾಳೆ ಸಾಕು.

ಎಲೆಗಳನ್ನು ಮಗುವೇ ಆರಿಸಲಿ. ಸೀಬೆ, ಅರಳಿ, ದಾಸವಾಳ, ಜರಿಗಿಡ ಇವುಗಳ ನರಗಳು ಎದ್ದು ಕಾಣುವದರಿಂದ ಅಚ್ಚು ಚೆನ್ನಾಗಿ ಬರುವದು. ದೊಡ್ಡಪತ್ರೆಯಂಥ ದಪ್ಪನೆಯ ನೀರೆಲೆಗಳು ಒತ್ತಿದ ಕೂಡಲೆ ರಸ ಬಿಡುವವು. ಎಕ್ಕ, ಕಳ್ಳಿ, ಕಣಗಿಲೆ ಇವುಗಳ ಹಾಲು ಮಕ್ಕಳ ಕಣ್ಣಿಗೂ ಬಾಯಿಗೂ ಅಪಾಯ. ಕಾಂಗ್ರೆಸ್ ಗಿಡವು ಹಲವರಿಗೆ ತುರಿಕೆ ತರುವದು. ಇವನ್ನು ಮುಟ್ಟದಂತೆ ಮೊದಲೇ ತಿಳಿಸಿರಿ. ಆರಿಸಿದ ಎಲೆಗಳನ್ನು ಒಂದು ಗಂಟೆಯ ಹೊತ್ತು ದಪ್ಪ ಪುಸ್ತಕದ ನಡುವೆ ಇಟ್ಟರೆ ಅವು ಚಪ್ಪಟೆಯಾಗಿ ಕೆಲಸಕ್ಕೆ ಒದಗುವವು.

ಮಾಡುವ ಕ್ರಮ

೧. ನೆಲದ ಮೇಲೆ ಮಡಿಸಿದ ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಹಾಳೆಯನ್ನು ಇಡಿರಿ. ಕೆಳಗೆ ಮೆತ್ತಗಿದ್ದರೆ ಅಂಗೈಯ ನಡುವಣ ಕುಳಿಯೂ ಕಾಗದಕ್ಕೆ ತಾಗುವದು.

೨. ಸ್ವಲ್ಪ ಹತ್ತಿಯನ್ನು ಹಳೆಯ ಬಟ್ಟೆಯ ತುಂಡಿನಲ್ಲಿ ಕಟ್ಟಿ ಉಂಡೆ ಮಾಡಿರಿ. ಬಣ್ಣವನ್ನು ಇದರಿಂದ ಮೆಲ್ಲಗೆ ತಟ್ಟಿ ಹಚ್ಚಬೇಕು, ಬಳಿಯಬಾರದು. ಬಣ್ಣ ಹೆಚ್ಚಾದರೆ ಗೆರೆಗಳೆಲ್ಲ ಮುಚ್ಚಿಹೋಗುವವು.

೩. ಮೊದಲು ಮಗುವಿನ ಅಂಗೈಗೆ ಕೆಮ್ಮಣ್ಣನ್ನು ತಟ್ಟಿ, ಹಾಳೆಯ ನಡುವೆ ಒತ್ತಿಸಿರಿ. ಎಲ್ಲಿ ಒತ್ತಬೇಕೆಂಬದನ್ನು ಮಗುವೇ ನಿಶ್ಚಯಿಸಲಿ. ನೀವು ಅದರ ಕೈಯ ಮೇಲೆ ನಿಮ್ಮ ಕೈಯನ್ನಿಟ್ಟು ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಒತ್ತಿ, ಬಳಿಕ ನೇರವಾಗಿ ಮೇಲಕ್ಕೆತ್ತಿರಿ. ಒಡನೆ ಕೈಯನ್ನು ಸಾಬೂನಿನಿಂದ ತೊಳೆಯಿಸಿರಿ.

೪. ಎಲೆಯ ಕೆಳಬದಿಗೆ, ಅಂದರೆ ನರಗಳು ಉಬ್ಬಿರುವ ಬದಿಗೆ, ಮಸಿಯ ಬಣ್ಣವನ್ನು ತಟ್ಟಿ ಹಾಳೆಯ ಮೇಲೆ ಕವಚಿ ಇಡಿರಿ. ಅದರ ಮೇಲೊಂದು ತೆಳು ಕಾಗದವನ್ನಿಟ್ಟು ನಡುನರದಿಂದ ಅಂಚಿನ ಕಡೆಗೆ ಬೆರಳಿನಿಂದ ಸವರಿರಿ. ತೊಟ್ಟನ್ನು ಹಿಡಿದು ಎಲೆಯನ್ನು ಎತ್ತಿರಿ. ಮೊದಲ ಅಚ್ಚಿಗಿಂತ ಎರಡನೆಯದು ಅನೇಕ ವೇಳೆ ಹೆಚ್ಚು ಸ್ಫುಟವಾಗಿರುವದು. ಆದುದರಿಂದ ಬೇರೆ ಕಾಗದದ ಮೇಲೆ ಒಂದೆರಡು ಸಲ ಅಭ್ಯಾಸ ಮಾಡಿಸಿರಿ.

೫. ಒಣಗಿದ ಮೇಲೆ ಮಗುವು ತನ್ನ ಹೆಸರನ್ನೂ ವಯಸ್ಸನ್ನೂ ತಾನೇ ಕೆಳಗೆ ಬರೆಯಲಿ. ಬರೆಯಲು ಬಾರದ ಮಗು ಒಂದು ಗೆರೆಯನ್ನೆಳೆದರೂ ಸಾಕು.

೬. ಹಾಳೆಯ ಹಿಂಬದಿಯಲ್ಲಿ ತಾಯಿಯಾಗಲಿ ತಂದೆಯಾಗಲಿ ಸೀಸದ ಕಡ್ಡಿಯಿಂದ ತಾರೀಕು, ಊರು, ಎಲೆಗಳ ಹೆಸರು, ಯಾವ ಹಿತ್ತಿಲಿನವು ಎಂಬದು, ಆ ಹೊತ್ತಿನಲ್ಲಿ ಯಾರು ಯಾರು ಹತ್ತಿರವಿದ್ದರು, ಮಗುವು ಏನು ಹೇಳಿತು ಎಂಬದನ್ನು ನಾಲ್ಕು ಸಾಲು ಬರೆಯಬೇಕು. ಶಾಯಿಯು ಮಾಸೀತು, ನೀರು ತಗಲಿದರೆ ಹರಡೀತು. ಸೀಸದ ಕಡ್ಡಿಯ ಬರೆಹಕ್ಕೆ ಈ ಎರಡು ಭಯಗಳೂ ಇಲ್ಲ.

ತಿದ್ದಬಾರದೆಂಬ ನಿಯಮ

ಈಗ ಎರಡನೆಯ ನಿಯಮಕ್ಕೆ ಬರುವೆನು. ನಮ್ಮ ಶಾಲೆಯ ಕೈಗೆಲಸದ ಪ್ರದರ್ಶನಗಳಲ್ಲಿ ಎಷ್ಟೋ ವರುಷಗಳಿಂದ ನಾನು ಒಂದು ಸಂಗತಿಯನ್ನು ಕಂಡಿದ್ದೇನೆ. ಮೇಜಿನ ಮೇಲಿಟ್ಟ ಕಸೂತಿಯ ಬಟ್ಟೆಯನ್ನು ನೋಡಿದ ಮಾತ್ರಕ್ಕೆ, ಎಲ್ಲಿಯ ತನಕ ಹುಡುಗಿಯು ಹಾಕಿದ ಹೊಲಿಗೆ, ಎಲ್ಲಿಂದ ಅಮ್ಮನೋ ಅಕ್ಕನೋ ಹಾಕಿದ ಹೊಲಿಗೆ ಎಂದು ಉಪಾಧ್ಯಾಯಿನಿಯರಿಗೆ ತಿಳಿದುಬಿಡುತ್ತದೆ. ಅಂಥ ಬಟ್ಟೆಯು ಅಂದವಾಗಿರುವದು ನಿಜ. ಆದರೆ ಅದನ್ನು ಮಾಡಿದಳೆನ್ನಿಸಿಕೊಂಡ ಹುಡುಗಿಯು ಅದರ ಹತ್ತಿರ ನಿಲ್ಲದೆ, ತನ್ನ ಗೆಳತಿಯ ಸೊಟ್ಟ ಹೊಲಿಗೆಯ ಬಟ್ಟೆಯ ಬಳಿಯಲ್ಲಿ ನಿಂತಿರುವದನ್ನು ನೋಡಿದ್ದೇನೆ. ಅಮ್ಮನ ಪ್ರೀತಿಯು ಅವಳಿಗೆ ಒಂದು ಪಾಠವನ್ನು ಕಲಿಸಿತು: ನಿನ್ನ ಕೈಯ ಕೆಲಸವು ನಾಲ್ಕು ಜನರೆದುರಿಗೆ ಇಡತಕ್ಕದ್ದಲ್ಲ ಎಂಬ ಪಾಠ. ತಾಯಿಯು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಕಲಿಸಬೇಕೆಂದೂ ಬಯಸಲಿಲ್ಲ; ಆದರೂ ಹುಡುಗಿಯು ಕಲಿತಳು.

ಮಕ್ಕಳ ಕೈಗೆಲಸದಲ್ಲಿ ನಾವು ತಪ್ಪು ಎಂದು ಕರೆಯುವವುಗಳಲ್ಲಿ ಅನೇಕವು ತಪ್ಪುಗಳೇ ಅಲ್ಲ, ವಯಸ್ಸಿನ ಗುರುತುಗಳು. ಮೂರು ನಾಲ್ಕು ವರುಷದ ಮಗುವಿಗೆ ಮನುಷ್ಯನ ಚಿತ್ರವನ್ನು ಬರೆಯೆಂದರೆ, ಒಂದು ದುಂಡನೆಯ ತಲೆಯಿಂದ ನೇರವಾಗಿ ಎರಡು ಕಾಲುಗಳು ಹೊರಡುವವು. ಹೊಟ್ಟೆಯೂ ಎದೆಯೂ ಇರುವದಿಲ್ಲ. ಐದಾರು ವರುಷದ ಮಕ್ಕಳು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯುವದು ಬಹು ಸಾಮಾನ್ಯ. ಈ ಎರಡೂ ಹೆಚ್ಚಿನ ಮಕ್ಕಳಲ್ಲಿ ಹೊಡೆತ ಬೈಗಳಿಲ್ಲದೆ ತಾವಾಗಿಯೇ ಹೋಗುವವು. ಹೋದ ಮೇಲೆ ಮತ್ತೆ ಬರುವವಲ್ಲ. ಹತ್ತು ವರುಷದ ಹುಡುಗಿಯನ್ನು ನೀವೆಷ್ಟು ಬೇಡಿಕೊಂಡರೂ ಅವಳು ಐದು ವರುಷದವಳ ಗೆರೆಯನ್ನು ಎಳೆಯಲಾರಳು. ಆದುದರಿಂದ ಬರೆಹದ ಪುಸ್ತಕದಲ್ಲಿ ತಿದ್ದಬೇಕಾದದ್ದನ್ನು ತಿದ್ದೋಣ, ಅದು ನಮ್ಮ ಕರ್ತವ್ಯ. ನೆನಪಿನ ಚಿತ್ರದಲ್ಲಿ ತಿದ್ದುವದು ಬೇಡ. ಅಲ್ಲಿ ತಿದ್ದಿದರೆ ಉಳಿಯುವದು ನಮ್ಮ ಕೈಯೇ ಹೊರತು ಮಗುವಿನದಲ್ಲ.

ಇದಕ್ಕೆ ಒಂದು ನಿದರ್ಶನವನ್ನು ಕೊಡುವೆನು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ವರುಷಗಳ ಹಿಂದೆ ನನ್ನನ್ನು ಕಾಣಬಂದಾಗ, ಗಾಜು ಹಾಕಿದ ಒಂದು ಸಣ್ಣ ಬಟ್ಟೆಯ ತುಂಡನ್ನು ತಂದಿದ್ದಳು. ಮೂರನೆಯ ತರಗತಿಯಲ್ಲಿರುವಾಗ ಅವಳು ಕೆಂಪು ದಾರದಿಂದ ತನ್ನ ಹೆಸರನ್ನು ಹೊಲಿದ ಬಟ್ಟೆ ಅದು. ಅವಳ ತಾಯಿಗೆ ಓದುಬರೆಹ ಬಾರದು. ಮಗಳು ಶಾಲೆಯಿಂದ ತಂದದ್ದನ್ನು ಆ ತಾಯಿಯು ಹೆಮ್ಮೆಯಿಂದ ಚಾವಡಿಯ ಗೋಡೆಗೆ ತೂಗಹಾಕಿದಳು. ಹೆಸರಿನ ಒಂದು ಅಕ್ಷರವು ಹಿಂದುಮುಂದಾಗಿತ್ತು. ಅದು ತಾಯಿಗೆ ತಿಳಿಯಲಿಲ್ಲ, ಮಗಳಿಗೂ ಆಗ ತಿಳಿಯಲಿಲ್ಲ. ಮುಂದೆ ಮಗಳು ತಾನೇ ಉಪಾಧ್ಯಾಯಿನಿಯಾಗಿ ರಜೆಗೆ ಮನೆಗೆ ಬಂದಾಗ ಅದನ್ನು ಕಂಡು ನಾಚಿ, ಬಿಚ್ಚಿ ಸರಿಯಾಗಿ ಹೊಲಿದುಕೊಡುವೆನೆಂದು ಎಷ್ಟೋ ಸಲ ಕೇಳಿದಳಂತೆ. ತಾಯಿಯು ಪ್ರತಿ ಸಲವೂ, "ನೀನು ಈಗ ಹೊಲಿದದ್ದು ನನಗೆ ಏಕೆ ಮಗಾ? ಇದು ಅವಳು ಹೊಲಿದದ್ದು" ಎಂದು ಹೇಳಿ ಮುಟ್ಟಗೊಡಲಿಲ್ಲ. ತಾಯಿಯು ತೀರಿಕೊಂಡ ಬಳಿಕ ಮಕ್ಕಳು ಪಾತ್ರೆಪರಡಿಗಳನ್ನು ಹಂಚಿಕೊಂಡರು. ಈಕೆಯು ಕೇಳಿದ್ದು ಅದೊಂದನ್ನೇ. ಹಿಂದುಮುಂದಾದ ಆ ಅಕ್ಷರದ ಮೇಲೆ ಬೆರಳಿಟ್ಟು, "ಅಮ್ಮ ನನ್ನನ್ನು ಹೇಗೆ ನೋಡುತ್ತಿದ್ದಳೆಂಬದು ಈಗ ತಿಳಿಯಿತು, ಟೀಚರ್" ಎಂದಳು. ಅಕ್ಷರ ಬಲ್ಲ ನಮಗೆ ಅಕ್ಷರವರಿಯದ ಆ ತಾಯಿಯು ಹೇಳಿಕೊಟ್ಟ ಪಾಠವಿದು.

ಗೋಡೆಗೆ ಹಾಕುವ ಬಗೆ

ಹಾಳೆಯನ್ನು ರಟ್ಟಿಗೆ ಪೂರ್ತಿಯಾಗಿ ಅಂಟಿಸಬಾರದು. ಮಳೆಗಾಲದಲ್ಲಿ ಕಾಗದವು ಹಿಗ್ಗಿ, ಬೇಸಗೆಯಲ್ಲಿ ಕುಗ್ಗಿ ಸುಕ್ಕಾಗುವದು. ಒಂದು ಚಮಚ ಮೈದಾಹಿಟ್ಟನ್ನು ಐದು ಚಮಚ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಬೇಯಿಸಿದ ಅಂಟಿನಿಂದ, ತೆಳು ಕಾಗದದ ಎರಡು ಪಟ್ಟಿಗಳನ್ನು ಹಾಳೆಯ ಮೇಲಂಚಿನ ಹಿಂಬದಿಗೆ ಹಚ್ಚಿ ತೂಗಬಿಟ್ಟರೆ ಸಾಕು. ಪೇಟೆಯ ಪಾರದರ್ಶಕ ಅಂಟುಪಟ್ಟಿಯು ಕಾಲಕ್ರಮದಲ್ಲಿ ಹಳದಿಯಾಗಿ ಕಾಗದಕ್ಕೆ ಕಲೆ ಹಿಡಿಸುವದರಿಂದ ಅದು ಬೇಡ.

ಗಾಜು ಚಿತ್ರಕ್ಕೆ ತಾಗದಂತೆ ಸುತ್ತಲೂ ದಪ್ಪ ಕಾಗದದ ಅಂಚನ್ನು ಕತ್ತರಿಸಿ ಇಡಿಸಿರಿ. ತಾಗಿದರೆ ತೇವಕ್ಕೆ ಬಣ್ಣವು ಗಾಜಿಗೆ ಹಿಡಿಯುವದು. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಚೂರುಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡಿ, ಮಳೆಗಾಲದ ಥಂಡಿಗೆ ಬೂಸಲು ಬರುವದು ಕಡಮೆಯಾಗುವದು. ನೇರವಾದ ಬಿಸಿಲು ಬೀಳುವ ಗೋಡೆ, ಅಡಿಗೆಮನೆಯ ಗೋಡೆ, ಮಳೆನೀರು ಇಳಿಯುವ ಹೊರಗೋಡೆ ಈ ಮೂರನ್ನೂ ಬಿಡಿರಿ. ಹಿಟ್ಟಿನ ಅಂಟನ್ನು ತಿನ್ನಲು ಬೆಳ್ಳಿಬಣ್ಣದ ಸಣ್ಣ ಹುಳಗಳು ಬರುವವು. ಆದುದರಿಂದ ಮಳೆಗಾಲ ಕಳೆದ ಬಳಿಕ ಮನೆಯನ್ನು ಗುಡಿಸಿ ಸಾರಿಸುವ ಸಮಯದಲ್ಲಿ ವರುಷಕ್ಕೊಮ್ಮೆ ಚಿತ್ರವನ್ನು ಇಳಿಸಿ ಹಿಂಬದಿಯನ್ನು ನೋಡುವ ರೂಢಿಯಿಟ್ಟುಕೊಳ್ಳಿರಿ.

ಎತ್ತರದ ವಿಷಯದಲ್ಲಿ ಒಂದು ಮಾತು. ನಾವು ಪಟಗಳನ್ನು ದೊಡ್ಡವರ ತಲೆಗಿಂತಲೂ ಮೇಲೆ ತೂಗಹಾಕುವೆವು. ಇದನ್ನು ಮಾತ್ರ ಮಗುವಿನ ಕಣ್ಣಿನ ಎತ್ತರಕ್ಕೆ ಹಾಕಿರಿ. ಅದು ಬಂದು ತನ್ನ ಕೈಯನ್ನು ಗಾಜಿನ ಮೇಲಿಟ್ಟು ಅಳತೆ ನೋಡುವದು; ಗಾಜು ಕೊಳೆಯಾದರೆ ಒರಸಿದರಾಯಿತು.

ಪ್ರತಿ ವರುಷವೂ ಒಂದು ನಿಶ್ಚಿತವಾದ ದಿನ, ಹುಟ್ಟಿದ ದಿನವಾಗಲಿ ಶಾಲೆ ತೆರೆಯುವ ದಿನವಾಗಲಿ, ಹೊಸ ಹಾಳೆಯೊಂದನ್ನು ಮಾಡಿ ಹಳೆಯದರ ಪಕ್ಕಕ್ಕೆ ಸೇರಿಸಿರಿ. ಗೋಡೆಯಲ್ಲಿ ಸ್ಥಳವಿಲ್ಲದಿದ್ದರೆ ಹಳೆಯ ಹಾಳೆಗಳನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿರಿ. ಗಂಡುಮಕ್ಕಳನ್ನೂ ಬಿಡಬೇಡಿರಿ, ತಂದೆಯರೂ ನೆಲದ ಮೇಲೆ ಕುಳಿತು ಕೈಗೆ ಕೆಮ್ಮಣ್ಣು ಹಚ್ಚಿಕೊಳ್ಳಲಿ. ಮನೆಯಲ್ಲಿ ಅಜ್ಜಿಯಿದ್ದರೆ, ಒಂದು ಹಾಳೆಯಲ್ಲಿ ಮೊಮ್ಮಗುವಿನ ಅಂಗೈಯ ಪಕ್ಕದಲ್ಲಿ ಅವರ ಅಂಗೈಯೂ ಮೂಡಲಿ. ಈ ಕೆಲಸವನ್ನು ಮುಂದಿನ ರಜೆಗೆ ಎಂದು ಮುಂದೂಡುವದಕ್ಕಿಲ್ಲವೆಂಬದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ವಿದ್ಯಾರ್ಥಿನಿಯರ ಮುಂದಿನ ಕೂಟಕ್ಕೆ ನೀವು ಬರುವಾಗ, ನಿಮ್ಮ ಮನೆಯಲ್ಲಿ ಮಾಡಿದ ಒಂದೊಂದು ಹಾಳೆಯನ್ನು ತನ್ನಿರೆಂದು ಕೇಳಿಕೊಳ್ಳುತ್ತೇನೆ. ಶಾಲೆಯ ಸಭಾಗೃಹದ ಗೋಡೆಗಳ ಮೇಲೆ ಅವನ್ನೆಲ್ಲ ಸಾಲಾಗಿ ತೂಗಹಾಕುವೆವು. ಈ ಪ್ರದರ್ಶನಕ್ಕೆ ತೀರ್ಪುಗಾರರು ಇರುವದಿಲ್ಲ, ಮೊದಲನೆಯ ಎರಡನೆಯ ಬಹುಮಾನಗಳೂ ಇರುವದಿಲ್ಲ. ಸೊಟ್ಟ ಅಕ್ಷರಗಳನ್ನು ತಿದ್ದದೆ ತರಬೇಕೆಂಬದೊಂದೇ ಕಟ್ಟಳೆ.